ಸೋಮವಾರದ ಸೈಕಲ್ ಸವಾರಿ

"ಹೊಗೆ ತಗ್ಗಿಸಬೇಕು, ಸೋಮವಾರ ಯಾರೂ ಗಾಡಿ ತೆಗೆಯುವಂತಿಲ್ಲ" ಎಂದು ತಾಲ್ಲೂಕಿನ ಸಾಹೇಬರು ಊರೂರಲ್ಲಿ ಭಾಷಣ ಬಿಗಿಯುತ್ತಿದ್ದರು. ತಾವು ಮಾತ್ರ ಊರಬಾಗಿಲವರೆಗೆ ಎ.ಸಿ. ಕಾರಲ್ಲಿ ಬಂದು, ಡಿಕ್ಕಿಯಿಂದ ಸೈಕಲ್ ಇಳಿಸಿ ಏರುತ್ತಿದ್ದರು.

"ಕಾರು ಜನರ ಕಣ್ಣಿಗೆ ಬಿತ್ತೋ, ನಿನ್ನ ಕೆಲಸ ಹೋಯ್ತು!" ಎಂದು ಒಂದು ಸೋಮವಾರ ಡ್ರೈವರ್ ಮಾದಯ್ಯನನ್ನು ಗದರಿದರು.

ಭಾಷಣ ನಡೆಯುವಾಗ ಮಾದಯ್ಯ ಜನರಿಗೆ, "ಸಾಹೇಬರು ಮನೆವರೆಗೂ ಸೈಕಲ್ಲಲ್ಲೇ ಹೋಗ್ತಾರೆ, ನೀವೂ ಜೊತೆಗೆ ಹೋಗಿ ಬಿಟ್ಟುಬನ್ನಿ" ಎಂದು ಹೇಳಿ ತಾನು ಜಾಗ ಖಾಲಿ ಮಾಡಿದ.

ಸಭೆ ಮುಗಿಯಿತು. ಊರಿಗೆ ಊರೇ ಸೈಕಲ್ ಹತ್ತಿ, ಜೈಕಾರ ಹಾಕುತ್ತ ಸಾಹೇಬರ ಹಿಂದೆ ಹೊರಟಿತು. ಊರಬಾಗಿಲಲ್ಲಿ ಕಾರಿಲ್ಲ! ಸಾಹೇಬರು ಹನ್ನೆರಡು ಕಿಲೋಮೀಟರ್ ತುಳಿದು, ಏದುಸಿರು ಬಿಡುತ್ತ ಮನೆ ಮುಟ್ಟಿದರು. ಜನ ಹಿಂದಿರುಗಿದ್ದೇ ತಡ, ಮಾದಯ್ಯನನ್ನು ಹುಡುಕಿ ಕಾರಿನ ಶೆಡ್ಡಿಗೆ ನುಗ್ಗಿದರು.

"ಎಲ್ಲಿ ಸತ್ತಿದ್ದೆಯೋ?"

"ಯಾರ ಕಣ್ಣಿಗೂ ಬೀಳದ ಹಾಗೆ ಕಾರು ಇಲ್ಲೇ ಇಟ್ಟಿದ್ದೀನಿ ಸಾರ್. ಇವತ್ತು ಜನ ನಿಮ್ಮನ್ನ ನಂಬಿಬಿಟ್ರು. ಮುಂದಿನ ಸೋಮವಾರ ನಿಮ್ಮನ್ನ ಸೈಕಲ್ಲಲ್ಲೇ ಕರ್ಕೊಂಡು ಹೋಗೋಕೆ ಮನೆ ಬಾಗಿಲಿಗೇ ಬರ್ತಾರಂತೆ."