ತಾನಾಗಿಯೇ ಶುರುವಾಗುವ ಚೌಕಾಬಾರ

ಬೆಟಗೇರಿಯಲ್ಲಿ ನೀಲಗಂಗಾ ಅಕ್ಕಾರು ಒಂದು ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುತ್ತಿದ್ದರು. ನಮ್ಮ ಕಡೆ ಪಾಠ ಹೇಳುವ ಹೆಂಗಸರನ್ನು ಅಕ್ಕಾರು ಎಂದು ಕರೆಯುತ್ತಾರೆ, ಅದಕ್ಕೇ ಆ ಹೆಸರು. ಇದು ಇಪ್ಪತ್ತು ವರ್ಷಗಳ ಹಿಂದಿನ ಮಾತು. ಆಗ ಕಂಪ್ಯೂಟರ್ ಕೋಣೆಯೊಳಗೆ ಹೋಗುವವರು ಚಪ್ಪಲಿಯನ್ನು ಹೊರಗೆ ಬಿಡಬೇಕಿತ್ತು. ಧೂಳು ಸೇರಬಾರದು ಎಂಬುದಷ್ಟೇ ಕಾರಣ, ಆದರೂ ಒಳಗೆ ಕಾಲಿಟ್ಟ ಮಕ್ಕಳು ದೇವರ ಕೋಣೆಗೆ ಬಂದವರಂತೆ ದನಿ ತಗ್ಗಿಸುತ್ತಿದ್ದರು. ಪಾಠ ಮುಗಿದ ಮೇಲೆ ಪ್ರತಿ ಮಾನಿಟರಿಗೂ ಕಸೂತಿ ಹಾಕಿದ ಬಟ್ಟೆ ಹೊದಿಸುತ್ತಿದ್ದರು. ಶನಿವಾರ ಮಧ್ಯಾಹ್ನ ಒಂದು ತಾಸು ಆಟಕ್ಕೆ ಮೀಸಲು. ಆ ಒಂದು ತಾಸಿಗಾಗಿ ಮಕ್ಕಳು ವಾರವಿಡೀ ಕಾಯುತ್ತಿದ್ದರು.

ಅಕ್ಕಾರ ಕೈಯಲ್ಲೇ ಕಲಿತ ದಾಕ್ಷಾಯಿಣಿ ಅಲ್ಲಿ ಪಾಠ ಹೇಳುತ್ತಿದ್ದಳು. ಹೊಸ ಆಟಗಳನ್ನು ಕಂಪ್ಯೂಟರಿಗೆ ಹಾಕುವುದೂ ಅವಳದೇ ಕೆಲಸ. ಆಟದ ಸಿಡಿಗಳ ಜೊತೆ ಒಂದು ಚೀಟಿ ಬರುತ್ತಿತ್ತು. 'ಮೊದಲು ಆಂಟಿವೈರಸ್ ಬಂದ್ ಮಾಡಿ' ಎಂದು ಅದರಲ್ಲಿ ಬರೆದಿರುತ್ತಿತ್ತು. ಆಂಟಿವೈರಸ್ ಎಂದರೆ ಕಂಪ್ಯೂಟರಿನ ಕಾವಲುಗಾರ. ವೈರಸ್ ಎಂದರೆ ಹೇಳದೆ ಕೇಳದೆ ಒಳಗೆ ಬಂದು ಹಾಳು ಮಾಡುವ ಪ್ರೋಗ್ರಾಂ. ಒಳ್ಳೆಯ ಆಟ ಹಾಕುವಾಗಲೂ ಕಾವಲುಗಾರ ಒಮ್ಮೊಮ್ಮೆ ಕೂಗುತ್ತಿದ್ದ. ಹಾಗಾಗಿ ದಾಕ್ಷಾಯಿಣಿ ಪ್ರತಿ ಸಲ ಅದನ್ನು ಬಂದ್ ಮಾಡಿ ಆಟ ಹಾಕುತ್ತಿದ್ದಳು. ಬಹಳ ದಿನ ಏನೂ ಆಗಲಿಲ್ಲ. ಒಂದು ಶನಿವಾರ ಕಾರ್ ಓಡಿಸುವ ಆಟದೊಳಗೆ ನಿಜವಾದ ವೈರಸ್ ಬಂತು. ಸೋಮವಾರ ನೋಡಿದರೆ ಎಲ್ಲರ ಕೆಲಸವೂ ಅಳಿಸಿಹೋಗಿತ್ತು.

ಅವಳು ಎಷ್ಟು ಹೆದರಿದಳೆಂದರೆ, ಪ್ರತಿ ಕಂಪ್ಯೂಟರಿಗೂ ಮೂರು ಮೂರು ಆಂಟಿವೈರಸ್ ಹಾಕಿದಳು. ಒಬ್ಬ ಕಾವಲುಗಾರನಿಗಿಂತ ಮೂವರು ಮೇಲು ಎಂದು ಅವಳ ಲೆಕ್ಕ. ಆದರೆ ಆ ಮೂರೂ ಒಂದನ್ನೊಂದು ಕಳ್ಳ ಎಂದು ಹಿಡಿಯತೊಡಗಿದವು. ಸ್ವಿಚ್ ಹಾಕಿದ ಮಕ್ಕಳು ಹೊರಗೆ ಹೋಗಿ ಚುರುಮುರಿ ತಿಂದು ಬಂದರೂ ಪರದೆ ತೆರೆದಿರುತ್ತಿರಲಿಲ್ಲ.

ಅಕ್ಕಾರು ನಕ್ಕರು. "ಒಂದ ಬಾಗಲಕ್ಕ ಮೂರ ಮಂದಿ ನಿಂತ್ರ ಮನ್ಯಾಗಿನವ್ರು ಹೆಂಗ ಒಳಗ ಬರಬೇಕವಾ?"

"ಹಂಗಾರ ಯಾವುದು ಇಟಗೊಳ್ಳೂಣ್ರಿ ಅಕ್ಕಾರ? ಭಾಳ ಜೋರ್ ಕೂಗೂದು?"

"ಕೂಗೂದು ದೊಡ್ಡದಲ್ಲ. ಯಾಕ ಕೂಗಿದೆ ಅಂತ ಹೇಳೂದು ಬೇಕು. ಕೊಲ್ಲೂಕಿಂತ ಮೊದಲು ನಮ್ಮನ್ನ ಕೇಳೂದು ಬೇಕು."

ಹೀಗೆ ಎರಡನ್ನು ತೆಗೆದು ಒಂದನ್ನು ಉಳಿಸಿಕೊಂಡರು.

ಈಗ ಕಥೆಯ ಮುಖ್ಯ ಭಾಗ. ಅಂದಾನಯ್ಯ ಮಾಸ್ತರು ಎಂಬ ನಿವೃತ್ತ ಗಣಿತ ಶಿಕ್ಷಕರು ಅದೇ ಕೇಂದ್ರದಲ್ಲಿ ಎರಡು ವರ್ಷ ಪ್ರೋಗ್ರಾಂ ಬರೆಯಲು ಕಲಿತಿದ್ದರು. ತಮ್ಮ ಮೊಮ್ಮಕ್ಕಳ ವಯಸ್ಸಿನವರ ನಡುವೆ ಕೂತು, ಒಂದೊಂದೇ ಅಕ್ಷರ ಹುಡುಕಿ ಒತ್ತಿ, ಚೌಕಾಬಾರದ ಆಟವೊಂದನ್ನು ತಯಾರಿಸಿದ್ದರು. ಚೌಕಾಬಾರ ಎಂದರೆ ಕವಡೆ ಎಸೆದು ಮನೆಯಿಂದ ಮನೆಗೆ ಕಾಯಿ ನಡೆಸುವ, ಎದುರಿನವರ ಕಾಯಿ ಹೊಡೆದು ಹಿಂದಕ್ಕೆ ಕಳಿಸುವ ಆಟ. ಕೇಂದ್ರದ ಕಂಪ್ಯೂಟರಿನಲ್ಲಿದ್ದ ಅದರ ಪ್ರತಿಯು ಆ ಕಾರಿನ ಆಟದ ವೈರಸ್ಸಿಗೆ ಬಲಿಯಾಗಿತ್ತು. ಒಂದು ಫ್ಲಾಪಿಯಲ್ಲಿದ್ದದ್ದು ಮಾತ್ರ ಉಳಿದಿತ್ತು. ಫ್ಲಾಪಿ ಎಂದರೆ ಕಂಪ್ಯೂಟರಿನಲ್ಲಿ ಮಾಡಿದ ಕೆಲಸವನ್ನು ತುಂಬಿಡುವ ಅಂಗೈಯಗಲದ ಚಪ್ಪಟೆ ತಟ್ಟೆ. ಈಗಿನ ಮಕ್ಕಳು ನೋಡಿರಲಿಕ್ಕಿಲ್ಲ.

ಮಾಸ್ತರು ಮನೆಗೆಂದು ಕೇಂದ್ರದ ಹಳೆಯ ಕಂಪ್ಯೂಟರೊಂದನ್ನು ಕೊಂಡಿದ್ದರು. ಅದನ್ನು ಒಯ್ಯುವ ದಿನ ಫ್ಲಾಪಿಯನ್ನು ಕರವಸ್ತ್ರದಲ್ಲಿ ಸುತ್ತಿ ತಂದು ದಾಕ್ಷಾಯಿಣಿಗೆ ಕೊಟ್ಟರು. "ಇದ್ದದ್ದು ಇದೊಂದ ಐತಿ ತಂಗಿ. ಸಾವಕಾಶ."

ದಾಕ್ಷಾಯಿಣಿ ಆ ಹಳೆಯ ಕಂಪ್ಯೂಟರಿಗೇ ಫ್ಲಾಪಿ ಹಾಕಿ ಆಟವನ್ನು ತೆರೆದಳು. ಕೂಡಲೇ ಪರದೆಯ ಮೇಲೆ ಕೆಂಪು ಪಟ್ಟಿ ಮೂಡಿತು. 'ಇದು ವೈರಸ್ ಇರಬಹುದು' ಎಂಬ ಎಚ್ಚರಿಕೆ. ಕೆಳಗೆ ಮೂರು ಗುಂಡಿಗಳು. ಒಂದು ಅಳಿಸಲು, ಒಂದು ಬೀಗ ಹಾಕಿ ಇಡಲು, ಒಂದು ಹೋಗಲು ಬಿಡಲು.

ಮಾಸ್ತರ ಮುಖ ಸಣ್ಣದಾಯಿತು. "ಏ, ಅದನ್ನ ಸ್ವಲ್ಪ ಹೊತ್ತು ಬಂದ್ ಮಾಡಿಬಿಡವಾ. ನಾನ ಬರದದ್ದೈತಿ, ಅದರಾಗ ಎಂಥಾ ವೈರಸ್ಸು!"

"ಬ್ಯಾಡ್ರಿ ಸರ. ಹ್ವಾದ ಸಲ ಹಂಗ ಬಂದ್ ಮಾಡೇ ಊರ ಮಂದಿ ಕೆಲಸ ಕಳದೇನಿ. ನಾ ಅಳಿಸಿಬಿಡ್ತೇನ್ರಿ." ಮೌಸಿನ ಬಾಣ ಮೊದಲ ಗುಂಡಿಯ ಮೇಲೆ ಬಂದು ನಿಂತಿತು. ಅದನ್ನು ಒತ್ತಿದರೆ ಎರಡು ವರ್ಷದ ಕೆಲಸ ಮತ್ತೆ ಸಿಗುತ್ತಿರಲಿಲ್ಲ.

"ತಡಿ," ಎಂದರು ಅಕ್ಕಾರು. "ಅವತ್ತ ಕೇಳಲಾರದ ಬಿಟ್ಟಿ. ಇವತ್ತ ಕೇಳಲಾರದ ಅಳಸ್ತಿ. ಎರಡೂ ಒಂದ. ಬೀಗ ಹಾಕಿ ಇಡು. ಆಮ್ಯಾಲ ಅದು ಯಾಕ ಕೂಗೇತಿ ಓದು."

ದಾಕ್ಷಾಯಿಣಿ ಎರಡನೆಯ ಗುಂಡಿ ಒತ್ತಿದಳು. ಬೀಗ ಹಾಕಿದ್ದು ಎಲ್ಲೂ ಹೋಗುವುದಿಲ್ಲ, ಬೇಕಾದಾಗ ಹೊರಗೆ ತೆಗೆಯಬಹುದು. ಆಮೇಲೆ ಸಣ್ಣ ಅಕ್ಷರಗಳನ್ನು ನಿಧಾನವಾಗಿ ಓದಿದಳು. "ಅಕ್ಕಾರ, ಈ ಆಟ ಕಂಪ್ಯೂಟರ್ ಚಾಲೂ ಆಗೂದಕ್ಕ ತಾನ ಎದ್ದು ಕುಂದರೂ ಹಂಗ ಬರದೈತ್ರಿ. ಯಾರೂ ಕರೀಲಾರದ. ವೈರಸ್ಸೂ ಹಂಗ ಮಾಡತಾವ, ಅದಕ್ಕ ಕೂಗೇತಿ."

ಅವಳು ಮಾಸ್ತರ ಕಡೆ ತಿರುಗಿದಳು. "ಯಾಕ್ರಿ ಸರ ಹಂಗ ಬರದೀರಿ?"

ಮಾಸ್ತರು ಕರವಸ್ತ್ರ ಮಡಚುತ್ತಾ ಹೇಳಿದರು. "ನಮ್ಮಾಕಿಗೆ ಲಕ್ವಾ ಹೊಡದು ಬಲಗೈ ಆಡೂದಿಲ್ಲವಾ. ಮೌಸ್ ಹಿಡಿಯಾಕ ಬರೂದಿಲ್ಲ. ಕವಡಿ ಎಸಿಯಾಕಂತೂ ಆಗೂದ ಇಲ್ಲ. ಸಣ್ಣಾಕಿದ್ದಾಗಿಂದ ದಿನಾ ಆಡಿದಾಕಿ. ನಾ ಸ್ವಿಚ್ ಹಾಕಿ ಹೊರಗ ಹೋದ್ರೂ ಆಟ ತಾನ ಬಂದು ಆಕಿ ಮುಂದ ನಿಂದರಲಿ, ಎಡಗೈಲೆ ಒಂದ ಗುಂಡಿ ಒತ್ತಿದ್ರ ಕವಡಿ ಬೀಳಲಿ ಅಂತ ಮಾಡೇನಿ."

ದಾಕ್ಷಾಯಿಣಿ ಕೂಡಲೇ ಬೀಗ ತೆಗೆಯಲು ಹೋದಳು. ಅಕ್ಕಾರು ಮತ್ತೆ ತಡೆದರು. "ಕಣ್ಣಾಗ ನೀರು ಬಂದ್ರ ಪರೀಕ್ಷೆ ಬಿಡಬಾರದು. ಮಾಸ್ತರು ಸುಳ್ಳು ಹೇಳೂದಿಲ್ಲ. ಆದ್ರ ಅವರ ಫ್ಲಾಪಿಗೆ ಅವರಿಗೆ ತಿಳೀಲಾರದ ಏನರ ಸೇರಿದ್ದರ? ಈ ಕಂಪ್ಯೂಟರಿಗೂ ಉಳಿದವಕ್ಕೂ ನಡುವ ವೈರ್ ಇಲ್ಲ, ಏನರ ಇದ್ರೂ ಹಬ್ಬೂದಿಲ್ಲ. ಇಲ್ಲೇ ಓಡಿಸಿ, ಏನೇನು ಮಾಡತೈತಿ ಬರಕೋ."

ಅವಳು ಆಂಟಿವೈರಸ್ಸನ್ನು ಬಂದ್ ಮಾಡಲಿಲ್ಲ. ಆ ಒಂದು ಆಟಕ್ಕೆ ಮಾತ್ರ ಓಡಲು ಅನುಮತಿ ಕೊಟ್ಟಳು. ಮಧ್ಯಾಹ್ನವೆಲ್ಲ ಕೂತು ಆಟ ಓಡಿಸಿ, ನಿಲ್ಲಿಸಿ, ಕಂಪ್ಯೂಟರನ್ನು ಬಂದ್ ಮಾಡಿ, ಮತ್ತೆ ಹಚ್ಚಿ ನೋಡಿದಳು. ಆಟ ತಾನಾಗಿ ಎದ್ದದ್ದು ನಿಜ. ಅದನ್ನು ಬಿಟ್ಟು ಯಾವ ಕಡತವನ್ನೂ ಅದು ಮುಟ್ಟಿರಲಿಲ್ಲ. ಎಲ್ಲವನ್ನೂ ಬರೆದುಕೊಂಡು ಅಕ್ಕಾರಿಗೆ ತೋರಿಸಿದಳು. ಅಕ್ಕಾರು ತಲೆಯಾಡಿಸಿದರು. ಆಟದ ಇನ್ನೆರಡು ಪ್ರತಿ ಮಾಡಿ ಮಾಸ್ತರಿಗೆ ಕೊಟ್ಟದ್ದು ಮಾತ್ರ ದಾಕ್ಷಾಯಿಣಿಯದೇ ಯೋಚನೆ. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಸಂಜೆ ಮಾಸ್ತರು ಕಂಪ್ಯೂಟರನ್ನು ಮನೆಗೆ ಒಯ್ದು ಸ್ವಿಚ್ ಹಾಕಿದರು. ಯಾರೂ ಏನೂ ಮುಟ್ಟಲಿಲ್ಲ. ಪರದೆಯ ಮೇಲೆ ಚೌಕಾಬಾರದ ಮನೆಗಳು ತಾವಾಗಿಯೇ ಮೂಡಿದವು. ಮಾಸ್ತರು ಎದುರಾಳಿಯಾಗಿ ಪಕ್ಕದಲ್ಲಿ ಕೂತರು. ಅವರ ಹೆಂಡತಿ ಗುರಸಿದ್ದವ್ವ ಎಡಗೈಯಿಂದ ಗುಂಡಿ ಒತ್ತಿದರು. ನಾಲ್ಕು ಕವಡೆಗಳು ಉರುಳಿ ಬಿದ್ದವು. ಅವರು ಕಾಯಿಯನ್ನು ನೋಡಿದರು, ಮನೆಗಳನ್ನು ಎಣಿಸಿದರು, ಮತ್ತೆ ಒತ್ತಿದರು. ಸ್ವಲ್ಪ ಹೊತ್ತಿನಲ್ಲೇ ಗಂಡನ ಕಡೆ ತಿರುಗಿ ಜೋರಾಗಿ ಹೇಳಿದರು.

"ನಿಮ್ಮ ಕಾಯಿ ಹೊಡದೆ ನೋಡ್ರಿ! ಏನ್ ನಗತೀರಿ, ಹಿಂದಕ್ಕ ಹೋಗ್ರಿ ಮೊದಲು!"

ನೀತಿ: ಎಚ್ಚರಿಕೆ ಎಂಬುದು ಪ್ರಶ್ನೆ, ತೀರ್ಪಲ್ಲ. ಕಾವಲುಗಾರ ಕೂಗಿದಾಗ ಅವನ ಬಾಯಿ ಮುಚ್ಚಿಸುವುದೂ ತಪ್ಪು, ಅವನು ತೋರಿಸಿದವರನ್ನೆಲ್ಲ ಕಳ್ಳರೆಂದು ಹೊಡೆಯುವುದೂ ತಪ್ಪು. ಬಂದದ್ದು ಎಲ್ಲಿಂದ, ಮಾಡಿದವರು ಯಾರು, ಹಾಗೆ ಮಾಡಿದ್ದು ಯಾಕೆ ಎಂದು ವಿಚಾರಿಸಿ, ಪರೀಕ್ಷಿಸಿ, ಆಮೇಲೆ ನಿರ್ಧರಿಸಬೇಕು. ಕಾವಲುಗಾರನನ್ನು ಆಯ್ಕೆ ಮಾಡುವಾಗಲೂ ಅಷ್ಟೇ. ಕಾರಣ ಹೇಳುವ, ಕೊಲ್ಲುವ ಮುಂಚೆ ಕೇಳುವ ಒಬ್ಬನಿದ್ದರೆ ಸಾಕು.