ತುಪ್ಪಕ್ಕೆ ಅಡ್ಡ ಹಿಡಿದ ಕೈ

“ಗುರುಗಳೇ, ಎಲ್ಲರಿಗೂ ಸಮನಾಗಿ ಬಡಿಸುವುದು ತಪ್ಪೇ?” ಎಂದು ಶಿಷ್ಯ ಕೇಳಿದ.

ಅವನ ಮುಖ ಊದಿಕೊಂಡಿತ್ತು. ಮಠದ ಪಂಕ್ತಿಯಲ್ಲಿ ಅಂದು ತುಪ್ಪ ಬಡಿಸುವ ಪಾಳಿ ಅವನದು. ಹಿರಿಯರೊಬ್ಬರು ಎಲೆಗೆ ಕೈ ಅಡ್ಡ ಹಿಡಿದು ಬೇಡವೆಂದಿದ್ದರು. ಸಂಕೋಚವಿರಬೇಕೆಂದು ಇವನು ಬೆರಳ ಸಂದಿಯಿಂದಲೇ ಸುರಿದಿದ್ದ. ಗುರುಗಳು ಎಲ್ಲರೆದುರೇ ಗದರಿದ್ದರು.

“ಕೂತುಕೋ” ಎಂದರು ಗುರುಗಳು. ಹೇಳತೊಡಗಿದರು.

ಒಂದು ಗರಡಿಮನೆಯಲ್ಲಿ ಇಬ್ಬರು ಪೈಲ್ವಾನರಿದ್ದರು. ಒಬ್ಬ ಉದ್ದ, ಇನ್ನೊಬ್ಬ ಕುಳ್ಳ. ಜೋಡಿಯಾಗಿ ಸಾಮು ಮಾಡುವವರು ಒಂದೇ ತಾಟಿನಲ್ಲಿ ಉಣ್ಣಬೇಕೆಂಬುದು ಅಲ್ಲಿಯ ಕಟ್ಟಳೆ. ತಾಟು ಬಿಟ್ಟವನು ಗೆಳೆತನ ಬಿಟ್ಟಂತೆ. ಹತ್ತು ವರ್ಷ ಅವರು ಹಾಗೆಯೇ ಉಂಡರು. ತುಪ್ಪ ಬಡಿಸುವವನು ಕುಳ್ಳ. ತನ್ನ ಕಡೆಗೊಂದು ಸೌಟು, ಗೆಳೆಯನ ಕಡೆಗೊಂದು ಸೌಟು. ಒಂದು ತೊಟ್ಟು ಹೆಚ್ಚಿಲ್ಲ, ಕಡಿಮೆಯಿಲ್ಲ. ಅದೇ ಅವನಿಗೊಂದು ದೊಡ್ಡ ಹೆಮ್ಮೆ.

ಉದ್ದನೆಯವನ ಅಪ್ಪ ನಲವತ್ತು ತುಂಬುವ ಮೊದಲೇ ಎದೆ ಹಿಡಿದುಕೊಂಡು ಸತ್ತಿದ್ದ. ಚಿಕ್ಕಪ್ಪನೂ ಹಾಗೆಯೇ. ತಾಯಿಯ ಕಾಟ ತಾಳದೆ ಅವನು ಒಮ್ಮೆ ರಕ್ತ ಪರೀಕ್ಷೆ ಮಾಡಿಸಿದ. ಕೊಲೆಸ್ಟ್ರಾಲ್ ವಿಪರೀತ ಏರಿತ್ತು. ವೈದ್ಯರು ಹೇಳಿದರು: “ಇದು ನಿನಗೆ ಅಪ್ಪನಿಂದ ಬಂದದ್ದು. ನಿನ್ನ ಗೆಳೆಯನ ಮೈ ತುಪ್ಪವನ್ನು ಸಂಭಾಳಿಸಬಹುದು, ನಿನ್ನದು ಸಂಭಾಳಿಸುವುದಿಲ್ಲ. ಹುಟ್ಟನ್ನು ಬದಲಿಸಲಾಗದು. ತುಪ್ಪ ಬಿಡು, ಮಾತ್ರೆ ತಪ್ಪಿಸಬೇಡ.”

ಇದನ್ನು ಅವನು ಗರಡಿಯಲ್ಲಿ ಯಾರಿಗೂ ಹೇಳಲಿಲ್ಲ. ರಕ್ತದಲ್ಲಿ ದೋಷವಿರುವ ಪೈಲ್ವಾನನೊಡನೆ ಯಾರು ಸೆಣಸುತ್ತಾರೆ ಎಂಬ ಭಯ. ಮರುದಿನ ತಾಟಿನ ಮೇಲೆ ಸುಮ್ಮನೆ ಕೈ ಅಡ್ಡ ಹಿಡಿದ.

“ಇವತ್ತಿಂದ ನನಗ ಬ್ಯಾಡೋ.”

ಕುಳ್ಳನಿಗೆ ಸಿಟ್ಟು ನೆತ್ತಿಗೇರಿತು. “ನನ್ನ ಕೈಯಾಂದು ಬ್ಯಾಡಾತೇನು? ಹಂಗಾರ ತಾಟ ಬಿಟ್ಟ ಏಳು.”

ಉದ್ದನೆಯವನು ಎದ್ದ.

ಮೂರು ತಿಂಗಳು ಗೋಡೆಯ ಕಡೆ ಮುಖ ಮಾಡಿ ಕೂತು ರೊಟ್ಟಿ ಪಲ್ಯ ತಿಂದ. ರಕ್ತವೇನೋ ಸುಧಾರಿಸಿತು. ಆದರೆ ಮಾತಿಗೆ ಯಾರೂ ಇಲ್ಲ, ಸಾಮಿಗೆ ಜೋಡಿಯಿಲ್ಲ. ಬೆನ್ನ ಹಿಂದೆ ನಗು ಕೇಳಿದರೆ ಆಸೆಯಿಂದ ತಿರುಗಿ ನೋಡುತ್ತಿದ್ದ. ಯಾರೂ ಇವನತ್ತ ನೋಡುತ್ತಿರಲಿಲ್ಲ. ಎರಡಾಳನ್ನು ಒಟ್ಟಿಗೆ ಎತ್ತುತ್ತಿದ್ದವನು ಆ ಒಂಟಿತನವನ್ನು ಎತ್ತಲಾರದೆ ಹೋದ. ಒಂದು ಮಧ್ಯಾಹ್ನ ಬಂದು ಹಳೆಯ ತಾಟಿನೆದುರು ಕೂತ. ಕುಳ್ಳನಿಗೆ ಗೆದ್ದಷ್ಟು ಸಂತೋಷ. ಆ ಸಂತೋಷಕ್ಕೆ ಎರಡು ಸೌಟು ಸುರಿದ. ಉದ್ದನೆಯವನು ಕೈ ಅಡ್ಡ ಹಿಡಿಯಲಿಲ್ಲ. ಎಲ್ಲರಂತೆ ಇದ್ದುಬಿಡೋಣವೆಂದು ಮಾತ್ರೆಯನ್ನೂ ಬಿಟ್ಟ.

ಹೀಗೆ ಎರಡು ವರ್ಷ ಕಳೆಯಿತು. ಒಂದು ಬೆಳಿಗ್ಗೆ ಕೆಂಪು ಮಣ್ಣಿನ ಅಖಾಡದಲ್ಲಿ ಕುಳ್ಳನ ತೋಳಿನೊಳಗೇ ಅವನು ಕುಸಿದ. ತನ್ನ ಪಟ್ಟು ಬಿತ್ತೆಂದು ಕುಳ್ಳ ಹಿಗ್ಗಿದ. ಗೆಳೆಯ ಏಳಲಿಲ್ಲ. ವಯಸ್ಸು ಮೂವತ್ತೆಂಟು.

ಹನ್ನೊಂದನೆಯ ದಿನ ಅವನ ತಾಯಿ ರಕ್ತಪರೀಕ್ಷೆಯ ಕಾಗದ ತಂದು, ವೈದ್ಯರ ಮಾತನ್ನೆಲ್ಲ ಕುಳ್ಳನಿಗೆ ಹೇಳಿದಳು. ಬೈಯಲಿಲ್ಲ. ಕುಳ್ಳ ಓಡಿಹೋಗಿ ತನ್ನ ರಕ್ತವನ್ನೂ ಪರೀಕ್ಷೆ ಮಾಡಿಸಿದ. ಅಷ್ಟು ವರ್ಷ ಅದೇ ತುಪ್ಪ ಉಂಡವನು. ಅವನಲ್ಲಿ ಒಂದು ದೋಷವೂ ಇರಲಿಲ್ಲ. ಇದ್ದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅಂದಿನಿಂದ ಅವನು ಯಾರೊಡನೆಯೂ ತಾಟು ಹಂಚಿಕೊಳ್ಳಲಿಲ್ಲ.

ಗುರುಗಳು ಮಾತು ನಿಲ್ಲಿಸಿದರು.

“ಆದರೆ ಕುಳ್ಳ ಪ್ರೀತಿಯಿಂದಲೇ ಬಡಿಸಿದನಲ್ಲ, ಗುರುಗಳೇ” ಎಂದ ಶಿಷ್ಯ. “ಹಾಗಾದರೆ ತಪ್ಪು ಯಾರದು? ತುಪ್ಪದ್ದೋ, ಹುಟ್ಟಿನದೋ?”

“ತುಪ್ಪ ಎಮ್ಮೆಯದು, ಹುಟ್ಟು ಅವನಪ್ಪನದು, ‘ಯಾಕ ಬ್ಯಾಡೋ’ ಅಂತ ಒಂದು ಮಾತು ಕೇಳದೆ ಹೋದವನು ನಾನು.”