ಬೆಂಕಿ ರೇಖೆಯಾಚೆಯ ಬಂಗಲೆ

ಕಾಡಂಚಿನ ಆ ಊರಲ್ಲಿ ಬೇಸಿಗೆಗೆ ಮುಂಚೆ ಮನೆಗೊಂದಾಳು ಬಂದು, ಒಣಹುಲ್ಲು ಸವರಿ ಬೆಂಕಿ ರೇಖೆ ಮಾಡುವುದು ವಾಡಿಕೆ. ಕಾಡಿನ ಬೆಂಕಿ ಆ ಬೋಳು ನೆಲ ದಾಟುವುದಿಲ್ಲ. ಈ ಸಲ ಊರಿಗೂ ಕಾಡಿಗೂ ನಡುವೆ ಹೊಸ ಬಂಗಲೆ ಕಟ್ಟಿಸಿದ ವರದರಾಜು, ರೇಖೆ ತನ್ನ ಹಿತ್ತಲಲ್ಲಿ ಹಾಯಬಾರದೆಂದು ಗೇಟಿಗೆ ಅಡ್ಡ ನಿಂತ.

"ನನ್ನ ಜಾಗಕ್ಕೆ ಕಾಲಿಟ್ಟರೆ ಪೊಲೀಸರನ್ನು ಕರೆಸ್ತೀನಿ!"

"ಆಯ್ತು ಸ್ವಾಮಿ," ಎಂದಳು ಮುಂದೆ ನಿಂತಿದ್ದ ಕೇತಮ್ಮ.

ಸಂಜೆಯೊಳಗೆ ರೇಖೆ ಬಂಗಲೆಯ ಈಚೆಗೇ ಸಾಗಿತ್ತು. ವರದರಾಜು ಓಡಿ ಬಂದ.

"ಏನಮ್ಮಾ ಇದು? ನನ್ನ ಮನೆ ಆಚೆ ಉಳೀತಲ್ಲ!"

"ನಿಮ್ಮ ಜಾಗಕ್ಕೆ ಬರಬೇಡಿ ಅಂದ್ರಿ, ಬರಲಿಲ್ಲ. ನಮ್ಮೂರು ಇಲ್ಲಿಗೆ ಮುಗೀತು. ಆಚೆಯದೆಲ್ಲ ಕಾಡು."

ಅವನೇ ಹೋಗಿ ಗೇಟು ತೆರೆದ. "ಬನ್ನಿ, ಹಿತ್ತಲೆಲ್ಲ ಸವರಿಬಿಡಿ."

ಯಾರೂ ಕದಲಲಿಲ್ಲ. ಕೇತಮ್ಮ ತನ್ನ ಕುಡುಗೋಲನ್ನು ಅವನ ಕೈಗಿಟ್ಟಳು.

"ಮನೆಗೊಂದಾಳು ಸ್ವಾಮಿ. ಮೊದಲು ನಿಮ್ಮ ಮನೆಯ ಆಳು ಬಗ್ಗಲಿ."